ಮರಳುಗಾಡಿನಾಗ ವೈಪರ್

ಕಲಬುರಗಿಯ ಯಾವುದೇ ಮನೆಯಲ್ಲಿ "ಈ ಸಲ ದುಬೈಗೆ ಹೋಗಿ ನಾವೇ ಗಾಡಿ ಹೊಡಕೊಂಡು ತಿರುಗೂಣು" ಎಂಬ ಮಾತು ಎದ್ದ ದಿನವೇ ಮೂರು ಯೋಜನೆ ತಯಾರಾಗುತ್ತವೆ. ಅಪ್ಪನದು ನಕ್ಷೆ ನೋಡಿ ಹಾಕಿದ್ದು: ನಾಲ್ಕೇ ದಿನದಲ್ಲಿ ದುಬೈ, ಹತ್ತಾ, ಅಲ್ ಐನ್, ಜೆಬೆಲ್ ಜೈಸ್ ಗುಡ್ಡ. ಅವ್ವನದು ಡಬ್ಬಿಗಳ ಲೆಕ್ಕ. ಮೂರನೆಯದು ಹೊರಡುವ ಹೊತ್ತಿಗೆ ಎರಡು ವರ್ಷ ತುಂಬಲು ಎರಡೇ ದಿನ ಬಾಕಿ ಇರುವ ಕೂಸಿನದು. ಅದನ್ನು ಅದು ಯಾರ ಮುಂದೂ ಹೇಳುವುದಿಲ್ಲ. ಆದರೆ ಕೊನೆಗೆ ನಡೆಯುವುದು ಅದೊಂದೇ.

ಎರಡೇ ದಿನ ಎಂಬುದನ್ನು ಗಮನಿಸಿ. ಎರಡು ತುಂಬದ ಕೂಸು ತೊಡೆಯ ಮೇಲೆ ಕೂತು ಹಾರಬಹುದು, ಟಿಕೆಟ್ಟೂ ಅಗ್ಗ. ಆದರೆ ವಿಮಾನದವರು ವಯಸ್ಸು ಲೆಕ್ಕ ಹಾಕುವುದು ಟಿಕೆಟ್ ಕೊಂಡ ದಿನಕ್ಕಲ್ಲ, ಹಾರುವ ದಿನಕ್ಕೆ. ನಡುವೆ ಹುಟ್ಟುಹಬ್ಬ ಬಿದ್ದರೆ ಹೋಗುವಾಗ ತೊಡೆ, ಬರುವಾಗ ಸ್ವಂತ ಸೀಟು, ಅದಕ್ಕೆ ಬೇರೆ ರೊಕ್ಕ. "ಬುರ್ಜ್ ಖಲೀಫಾದ ಕೆಳಗ ಕೇಕ್ ಕತ್ತರಿಸೂಣು" ಎಂದವರಿಗೆ ಆ ಕೇಕು ಎಷ್ಟಕ್ಕೆ ಬಿತ್ತು ಎಂದು ಗೊತ್ತಾಗುವುದು ಆಗ.

ಇನ್ನು ಹೆಸರಿನ ರಗಳೆ. ನಮ್ಮ ಕಡೆ ಮನುಷ್ಯನಿಗೆ ಹೆಸರು ಒಂದೇ, ರೂಪ ಮಾತ್ರ ಹಲವು. ಲೈಸೆನ್ಸಿನಲ್ಲಿ ಶರಣಪ್ಪ, ಪಾಸ್‌ಪೋರ್ಟಿನಲ್ಲಿ ಶರಣಬಸಪ್ಪ, ಕ್ರೆಡಿಟ್ ಕಾರ್ಡಿನಲ್ಲಿ ಎಸ್. ಬಿ. ಪಾಟೀಲ. ಬಾಡಿಗೆ ಕಾರಿನ ಕೌಂಟರಿನಲ್ಲಿ ಇವರು ಮೂರು ಜನ. ಯಾರೊಬ್ಬರ ಹತ್ತಿರವೂ ಪೂರ್ತಿ ಕಾಗದವಿಲ್ಲ. ಊರಿಗೂ ಎರಡು ಹೆಸರು: 2014ರ ನವೆಂಬರ್ 1ಕ್ಕಿಂತ ಮುಂಚಿನ ಕಾಗದದಲ್ಲಿ ಗುಲ್ಬರ್ಗ, ಆಮೇಲಿನದರಲ್ಲಿ ಕಲಬುರಗಿ. ಊರನ್ನು ಹೇಗೋ ವಿವರಿಸಿ ಪಾರಾಗಬಹುದು, ಮನುಷ್ಯನನ್ನು ಆಗುವುದಿಲ್ಲ. 2022ರ ನವೆಂಬರಿನಿಂದ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಯುಎಇ ಪ್ರವಾಸಿ ವೀಸಾಕ್ಕೆ ತಕರಾರು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ದಾಟಬಹುದು. ಆದ್ದರಿಂದ ಕೂಸಿನ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಡ್ಡಹೆಸರು ತುಂಬಿಸಿಬಿಡಿ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ತೊಟ್ಟಿಲ ದಿನದಿಂದಲೂ ಖಾಲಿ ಬಿದ್ದಿಲ್ಲ ತಾನೇ, ಅದನ್ನೂ ಒಮ್ಮೆ ನೋಡಿ. ನಾಲ್ಕು ವರ್ಷದೊಳಗಿನವರ ಫೋಟೋ ನಾವೇ ಒಯ್ಯಬೇಕು: ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಕೂಸಿನ ಮುಖದ ಮೇಲೆ ಈ ಎರಡೂ ಒಟ್ಟಿಗೆ ಆಗುವುದು ವರ್ಷಕ್ಕೊಮ್ಮೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದುದರಲ್ಲಿ ಸುಲಭದ ಕೆಲಸ. ಸರಕಾರದ ಸಾರಥಿ ಜಾಲತಾಣದಲ್ಲಿ ಫಾರಂ 4ಎ, ಸಾವಿರ ರೂಪಾಯಿ, ಪಾಸ್‌ಪೋರ್ಟ್, ಲೈಸೆನ್ಸ್. ಅವಧಿ ಒಂದು ವರ್ಷ. ಅದಕ್ಕೂ ಮೊದಲು ಲೈಸೆನ್ಸ್ ಮುಗಿದರೆ ಇದೂ ಮುಗಿಯಿತು. ಇದು ಸಿಕ್ಕ ಸಂಭ್ರಮದಲ್ಲಿ ಕೆಎ 32ರ ಮೂಲ ಲೈಸೆನ್ಸನ್ನು ಟಿವಿ ಕಪಾಟಿನಲ್ಲಿ ಬಿಟ್ಟು ಹೋಗುವವರೇ ಹೆಚ್ಚು. ಮೂಲ ಜೊತೆಗಿಲ್ಲದಿದ್ದರೆ ಇದು ಬರೀ ಬೂದುಬಣ್ಣದ ಪುಸ್ತಕ.

ಡಬ್ಬಿಗಳಿಗೆ ಬರೋಣ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚೆಕ್-ಇನ್ ಚೀಲದಲ್ಲಿ ಹೋಗಲಿ, ಅಡ್ಡಿಯಿಲ್ಲ. ಕೂಸಿದ್ದ ಮನೆಯಲ್ಲಿ ಬಾಣಂತನದ ಕಾಲದಿಂದ ರೂಢಿಯಾದ ಅಂಟಿನುಂಡಿ ಡಬ್ಬಿಯೊಂದು ಇದ್ದೇ ಇರುತ್ತದೆ. ಅದು ಮಾತ್ರ ಬೇಡ. ಅದರಲ್ಲಿ ಗಸಗಸೆ ಇರುತ್ತದೆ, ಯುಎಇಯಲ್ಲಿ ಗಸಗಸೆ ಮಾದಕ ಪದಾರ್ಥಗಳ ಸಾಲಿನಲ್ಲಿದೆ, ಸಿಕ್ಕರೆ ಜೈಲೂ ಆಗಬಹುದು. "ಒಂದ್ ಚಮಚೆ ಹಾಕೀನಿ, ಏನ್ ಆಗ್ತದ" ಎಂದು ಆಯಿ ವಾದಿಸುತ್ತಾಳೆ. ಆಯಿಗೆ ವೀಸಾ ಇಲ್ಲ, ಆಕೆಗೇನು ಹೋಗಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಮಿಕ್ಕ ಔಷಧಿಗೆ ಡಾಕ್ಟರ ಚೀಟಿ ಜೊತೆಗಿರಲಿ.

ಇಷ್ಟೆಲ್ಲ ಆಗಿ ಅಪ್ಪನ ವೇಳಾಪಟ್ಟಿ ನೆಲಕಚ್ಚುವುದು ಒಂದೂವರೆ ತಾಸಿನಿಂದ. ದುಬೈ ಗಡಿಯಾರ ನಮಗಿಂತ ಅಷ್ಟು ಹಿಂದೆ. ಕೂಸಿನ ಹೊಟ್ಟೆಯೊಳಗಿನ ಗಡಿಯಾರ ಮಾತ್ರ ಕಲಬುರಗಿಯದೇ. ಇಲ್ಲಿ ಆರಕ್ಕೆ ಏಳುವುದು ಅಲ್ಲಿ ನಾಲ್ಕೂವರೆಗೆ ಎದ್ದು ಹೋಟೆಲಿನ ಫ್ರಿಜ್ ಬಾಗಿಲು ಬಡಿಯುತ್ತದೆ. ಮಧ್ಯಾಹ್ನ ಒಂದರ ನಿದ್ದೆ ಹನ್ನೊಂದೂವರೆಗೆ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗುವುದು ಏಳೂವರೆಗೇ ಜೋಲಿ ಹೊಡೆಯುತ್ತದೆ. ಎಂಟಕ್ಕೆ ಕಾದಿರಿಸಿದ ದೋಣಿಯೂಟದಲ್ಲಿ ಅದು ಮಾಡುವ ರಂಪಕ್ಕೆ ದೋಣಿಯವರು ಹಾಕಿದ ಹಾಡೇ ಕೇಳುವುದಿಲ್ಲ. ಬೆಳಗಿನ ವಿಮಾನ ಹಿಡಿದರೆ ಇನ್ನೊಂದು ಫಜೀತಿ: ಹೋಟೆಲಿನ ಕೋಣೆ ಸಿಗುವುದು ಸಾಮಾನ್ಯವಾಗಿ ಎರಡು-ಮೂರು ಗಂಟೆಗೆ, ಅಷ್ಟರಲ್ಲಿ ಕೂಸಿನ ಸಂಜೆ ಶುರುವಾಗಿರುತ್ತದೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಮುಟ್ಟಲು ಹುಮನಾಬಾದ್, ಜಹೀರಾಬಾದ್ ದಾಟಿ ಐದು ತಾಸು ಮೊದಲೇ ಕಳೆದಿರುತ್ತದೆ. ಇಡೀ ಪ್ರವಾಸದ ಅತಿ ಉದ್ದದ ಡ್ರೈವು ಅದೇ, ಆದರೆ ಅದನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ.

ಬಲ್ಲವರು ಕೂಸಿನ ಗಡಿಯಾರಕ್ಕೇ ಶರಣಾಗುತ್ತಾರೆ. ಕೈಗಡಿಯಾರ ಬದಲಿಸಿಕೊಂಡರೂ ಊಟ, ನಿದ್ದೆ ಕಲಬುರಗಿಯ ವೇಳೆಗೇ. ಅರ್ಧ ದಾರಿ ಸವೆಯುವಷ್ಟು ನಿದ್ದೆ ಸಿಗುವುದರಿಂದ ಕಾರು ಹೊರಡುವುದು ಹನ್ನೊಂದೂಕಾಲಕ್ಕೆ. ದಿನಕ್ಕೊಂದೇ ಊರು, ಒಂದೂವರೆ ತಾಸಿಗಿಂತ ದೂರದ್ದಲ್ಲ. ಹತ್ತಾ ಇಲ್ಲವೇ ಅಲ್ ಐನ್, ಎರಡೂ ಅಲ್ಲ. ಜೆಬೆಲ್ ಜೈಸ್ ಅಪ್ಪನ ಕನಸಿನಲ್ಲೇ ಇರಲಿ. ಆ ತಿರುವುಗಳಲ್ಲಿ ಹಾಲು ಕುಡಿದ ಕೂಸು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಹಾಗೆ ಮಾಡಿದರೆ ಸೀಟಿನ ಪಟ್ಟಿಯನ್ನು ಸೋಪುನೀರಲ್ಲಿ ನೆನೆಹಾಕಬೇಡಿ, ನೇಯ್ಗೆಯ ಬಲ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಕಲಿನ ಸಂದಿಗೆ ಇಳಿದ ಹಾಲು ಒಣಗಿ ಗಟ್ಟಿಯಾದರೆ ಕ್ಲಿಕ್ ಎನ್ನುವುದಿಲ್ಲ. ಅದನ್ನು ಮಾತ್ರ ಬರೀ ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ. ಬದಲಿ ಅಂಗಿ ಕೂಸಿಗೆ ಎರಡು, ಪಕ್ಕ ಕೂತವರಿಗೆ ಒಂದು. ಎಲ್ಲರೂ ಮರೆಯುವುದು ಈ ಎರಡನೆಯದನ್ನು.

ಸೀಟಿನ ಮಾತು ಬಂತಲ್ಲ. ಯುಎಇಯಲ್ಲಿ ನಾಲ್ಕು ವರ್ಷದವರೆಗೆ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 400 ದಿರ್ಹಮ್ ದಂಡ. ನಮ್ಮಲ್ಲೂ ಹದಿನಾಲ್ಕರೊಳಗಿನವರನ್ನು ಬೆಲ್ಟಿಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡವೆಂದು ಕಾಯ್ದೆ ಇದೆ. ಆಯಿಯ ತೊಡೆಗಿಂತ ದೊಡ್ಡ ಸೀಟು ಯಾವುದು ಎಂಬ ನಂಬಿಕೆಯ ಮುಂದೆ ಅದು ಕಾಗದದಲ್ಲೇ ಉಳಿದಿದೆ. ಹೀಗಾಗಿ ಕೂಸು ಜೀವನದಲ್ಲಿ ಮೊದಲ ಸಲ ಪಟ್ಟಿ ಬಿಗಿಸಿಕೊಳ್ಳುವುದು ದುಬೈ ಪಾರ್ಕಿಂಗಿನಲ್ಲಿ. ಬೆನ್ನು ಬಿಲ್ಲಿನಂತೆ ಬಾಗಿಸಿ ಅದು ಕೂಗುವ ಕೂಗಿಗೆ ಪಕ್ಕದ ಕಾರಿನವರು ಇಳಿದು ಬರುತ್ತಾರೆ. ಹೊರಡುವ ಒಂದು ತಿಂಗಳು ಮುಂಚೆಯೇ ಊರಲ್ಲಿ ಸೀಟು ಕಟ್ಟಿ ಜಗತ್ ಸರ್ಕಲ್ಲಿಗೆ ದಿನಾ ಒಂದು ಸುತ್ತು ಹಾಕಿಸಿ. ಬಾಡಿಗೆಯವರು ಕೊಡುವ ಸೀಟನ್ನು ಅಲ್ಲೇ ಪರೀಕ್ಷಿಸಿ: ಸೀಟನ್ನು ಕಾರಿಗೆ ಬಿಗಿಯುವ ಐಸೋಫಿಕ್ಸ್ ಕೊಂಡಿ ಎರಡೂ ಕಡೆ ಹಸಿರು ತೋರಿಸಬೇಕು, ಬುಡ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು, ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಮಡಿಕೆ ಸಿಕ್ಕರೆ ಸಡಿಲ. ಬಿಸಿಲಲ್ಲಿ ನಿಂತ ಕಾರಾದರೆ ಬಕಲಿನ ಲೋಹವನ್ನು ಮೊದಲು ಕೈಯಿಂದ ಮುಟ್ಟಿ ನೋಡಿ. "ನಾವು ಕಲಬುರಗಿಯವ್ರು, ಬಿಸಿಲು ನಮಗೇನು ಹೊಸಾದಾ" ಎಂಬ ಧಿಮಾಕು ಕೂಸಿನ ತೊಡೆಗೆ ಗೊತ್ತಿಲ್ಲ.

ಗಾಡಿ ಓಡಿಸುವುದು ಉಳಿಯಿತು. ರಸ್ತೆಯ ಬಲಗಡೆ ಓಡಿಸುವುದು ಅರ್ಧ ತಾಸಿನಲ್ಲಿ ರೂಢಿಯಾಗುತ್ತದೆ, ಕೈ ಮಾತ್ರ ಮರೆಯುವುದಿಲ್ಲ. ನಮ್ಮ ಬಹುತೇಕ ಕಾರುಗಳಲ್ಲಿ ಇಂಡಿಕೇಟರ್ ಸ್ಟೇರಿಂಗಿನ ಬಲಕ್ಕೆ, ಅಲ್ಲಿ ಎಡಕ್ಕೆ. ಹಾಗಾಗಿ ಮೋಡದ ತುಣುಕೂ ಇಲ್ಲದ ಆಕಾಶದ ಕೆಳಗೆ ಪ್ರತಿ ತಿರುವಿನಲ್ಲೂ ವೈಪರ್ ಕಿರ್ರೆಂದು ಒಣ ಗಾಜು ಉಜ್ಜುತ್ತದೆ. ಹಿಂದಿನ ಸೀಟಿನಿಂದ ಕೂಸು ಚಪ್ಪಾಳೆ ತಟ್ಟುತ್ತದೆ. ಆಮೇಲೆ ನೇರ ರಸ್ತೆಯಲ್ಲೂ ಅದೇ ಬೇಕೆಂದು ಹಟ. ದುಬೈಯ ಸಾಲಿಕ್ ಟೋಲಿಗೆ ಗೇಟೂ ಇಲ್ಲ, ಚೀಟಿಯೂ ಇಲ್ಲ. ಕಮಾನಿನ ಕೆಳಗೆ ಹಾದರೆ ವೇಳೆ ನೋಡಿ ನಾಲ್ಕೋ ಆರೋ ದಿರ್ಹಮ್ ತಾನೇ ಹತ್ತುತ್ತದೆ, ಬಾಡಿಗೆಯವರು ಅದನ್ನು ಆಮೇಲೆ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ಊರಿಗೆ ಬಂದು ಮರೆತೆವೆಂದಾಗ ಮೊಬೈಲ್ ಟಿಣ್ ಎನ್ನುತ್ತದೆ.

ಕಾರು ತಗೊಳ್ಳುವಾಗ, ತಿರುಗಿ ಕೊಡುವಾಗ ನಾಲ್ಕೂ ಮಗ್ಗುಲು, ಗಾಲಿಯ ರಿಮ್ಮು, ಇಂಧನದ ಮುಳ್ಳು, ಕಿಲೋಮೀಟರ್ ಎಲ್ಲದರ ಫೋಟೋ ತೆಗೆಯಲೇಬೇಕು. ಹಳೆಯ ಗೀರಿಗೆ ಠೇವಣಿ ಹಿಡಿದಿಟ್ಟಾಗ ಬೇರೆ ಸಾಕ್ಷಿ ಇರುವುದಿಲ್ಲ. ಎಲ್ಲರೂ ಶ್ರದ್ಧೆಯಿಂದ ತೆಗೆಯುತ್ತಾರೆ. ವಾಪಸು ಬಂದ ಮರುದಿನ ಮುತ್ಯಾ, ಕಾಕಾ, ಓಣಿಯವರೆಲ್ಲ ಚಹಾ ಹಿಡಿದು ಸುತ್ತ ಕೂತಾಗ ಮೊಬೈಲ್ ಕೈಯಿಂದ ಕೈಗೆ ಹೋಗುತ್ತದೆ. ಬಂಪರ್. ಬಂಪರಿನ ಎಡ ಮೂಲೆ. ಮತ್ತೆ ಬಂಪರ್. ಪಾಸ್‌ಪೋರ್ಟಿನ ಎರಡನೇ ಪುಟ. ರಿಮ್ಮು, ಹತ್ತಿರದಿಂದ. ಬಾಯಿ ತೆರೆದು ಮಲಗಿದ ಕೂಸು, ಹಿಂದೆ ಮಸುಕಾಗಿ ಯಾವುದೋ ಗುಡ್ಡ. ಮತ್ತೆ ರಿಮ್ಮು.

ಮುತ್ಯಾ ಚಾಳೀಸು ಸರಿಮಾಡಿಕೊಂಡು ಬೆರಳಿಟ್ಟು ಕೇಳುತ್ತಾನೆ: "ಬುರ್ಜ್ ಖಲೀಫಾ ಅಂದ್ರ ಇದೇ ಏನು?"