ಗಡಿ ದಾಟಿ ಬಂದವರನ್ನು ಊರೊಳಗೆ ಹುಡುಕಬೇಕೆ?

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಡಿ 4,096 ಕಿಲೋಮೀಟರ್ ಉದ್ದವಿದೆ. ಅದನ್ನು ಕಾಯಬೇಕೆಂಬ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರಿರುವುದು, ಆ ಗಡಿಯನ್ನು ದಾಟಿ ಬಂದು ದೆಹಲಿ, ಗುರುಗ್ರಾಮ, ಮುಂಬಯಿ, ಬೆಂಗಳೂರುಗಳಲ್ಲಿ ದುಡಿಯುತ್ತಿರುವವರನ್ನು ಪೊಲೀಸರು ಬಡಾವಣೆ ಬಡಾವಣೆ ಹುಡುಕಿ ಹೊರಗಟ್ಟುವುದು ಸರಿಯೇ ಎಂಬ ವಿಷಯದಲ್ಲಿ. ಎರಡೂ ಕಡೆಯ ವಾದವನ್ನು ಆಯಾ ಕಡೆಯವರು ಬಲವಾಗಿ ಮಂಡಿಸಬಹುದಾದಂತೆ ಇಲ್ಲಿ ಇಟ್ಟಿದ್ದೇನೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಪ್ರಯತ್ನವನ್ನೇನೂ ಮಾಡಿಲ್ಲ.

ಪರ

ಬೇಲಿಯೊಂದರಿಂದಲೇ ಈ ಗಡಿಯನ್ನು ಮುಚ್ಚಲಾಗದು ಎಂಬಲ್ಲಿಂದ ವಾದ ಹೊರಡಬೇಕು. 1980ರ ದಶಕದಲ್ಲಿ ಆರಂಭವಾದ ತಂತಿಬೇಲಿಯ ಕೆಲಸ 2025ರ ಹೊತ್ತಿಗೂ ಮುಗಿದಿರಲಿಲ್ಲ. ಬೇಲಿಯಿಲ್ಲದ ಸುಮಾರು 864 ಕಿ.ಮೀ.ಗಳ ಪೈಕಿ 174 ಕಿ.ಮೀ.ಗಳಷ್ಟು ಭಾಗದಲ್ಲಿ ಬೇಲಿ ಹಾಕುವುದು ಸಾಧ್ಯವೇ ಇಲ್ಲವೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅಸ್ಸಾಮಿನ ಧುಬ್ರಿಯಲ್ಲಿ ಬ್ರಹ್ಮಪುತ್ರ ನದಿ ಬಾಂಗ್ಲಾದೇಶವನ್ನು ಹೊಗುವಲ್ಲಿ ಮಳೆಗಾಲಕ್ಕೆ ಮುಳುಗಿದ ಮರಳುದಿಬ್ಬ ನೀರಿಳಿದ ಮೇಲೆ ಇನ್ನೆಲ್ಲೋ ಏಳುತ್ತದೆ. ಅಲ್ಲಿ ಕಂಬ ನೆಡಲು ನಿಂತ ನೆಲವೆಂಬುದೇ ಇಲ್ಲ. ಅದಕ್ಕಾಗಿಯೇ 2019ರಲ್ಲಿ ಅಲ್ಲಿ ಕ್ಯಾಮೆರಾ ಮತ್ತು ಸೆನ್ಸರ್‌ಗಳ ಕಣ್ಗಾವಲನ್ನು ಅಳವಡಿಸಬೇಕಾಯಿತು. ಇಂಥ ಗಡಿಯಲ್ಲಿ ಒಂದು ರಾತ್ರಿ ಕಣ್ತಪ್ಪಿಸಿದವನನ್ನು ಮುಂದೆ ಯಾರೂ ಕೇಳುವುದಿಲ್ಲವೆಂದಾದರೆ, ನದಿಯ ದಡದಲ್ಲಿ ಗಸ್ತು ತಿರುಗುವ ಗಡಿ ಭದ್ರತಾ ಪಡೆಯ ಜವಾನನ ದುಡಿಮೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಈ ಆತಂಕವನ್ನು ಬರಿಯ ಚುನಾವಣೆಯ ಕೂಗೆಂದು ತಳ್ಳಿಹಾಕುವವರು ಅಸ್ಸಾಮಿನ ಇತಿಹಾಸವನ್ನು ನೋಡಬೇಕು. 1979ರಲ್ಲಿ ಮಂಗಲದೈ ಲೋಕಸಭಾ ಕ್ಷೇತ್ರದ ಉಪಚುನಾವಣೆಗಾಗಿ ಮತದಾರರ ಪಟ್ಟಿಯನ್ನು ಪರಿಷ್ಕರಿಸುವಾಗ ವಿದೇಶಿಯರ ಹೆಸರುಗಳ ಬಗ್ಗೆ ಎದ್ದ ವಿವಾದವೇ ಆರು ವರ್ಷಗಳ ಚಳವಳಿಯಾಗಿ ಬೆಳೆಯಿತು. 1971ರ ಮಾರ್ಚ್ 25ರಿಂದೀಚೆಗೆ ಬಂದವರನ್ನು ಪತ್ತೆಹಚ್ಚಿ ಹೊರಹಾಕುವುದಾಗಿ ಕೇಂದ್ರ ಸರ್ಕಾರ 1985ರ ಆಗಸ್ಟ್ 15ರ ಒಪ್ಪಂದದಲ್ಲಿ ಮಾತು ಕೊಟ್ಟಿತು. ಆದರೆ ಅದೇ ಕಾಲದಲ್ಲಿ ಜಾರಿಯಲ್ಲಿದ್ದ 1983ರ ಕಾಯ್ದೆಯೊಂದು ವಿದೇಶಿಯನೆಂದು ರುಜುವಾತುಪಡಿಸುವ ಹೊಣೆಯನ್ನು ದೂರು ಕೊಟ್ಟವರ ಮೇಲೇ ಹೊರಿಸಿತ್ತು. ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ರದ್ದುಪಡಿಸುವವರೆಗೆ, ಎಂದರೆ ಎರಡು ದಶಕಗಳ ಕಾಲ, ಒಂದು ಕೈಯಲ್ಲಿ ಕೊಟ್ಟ ಮಾತನ್ನು ಇನ್ನೊಂದು ಕೈ ಕಿತ್ತುಕೊಂಡಿತ್ತು. ಪಕ್ಕದ ತ್ರಿಪುರಾದಲ್ಲಿ ಬುಡಕಟ್ಟಿನವರು 2011ರ ಜನಗಣತಿಯ ಪ್ರಕಾರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿಗೆ ಬಂದವರಲ್ಲಿ ಬಹುಪಾಲು ಜನ ದೇಶವಿಭಜನೆಯ ಮತ್ತು ನಂತರದ ನಿರಾಶ್ರಿತರೇ ಹೊರತು ಕದ್ದು ನುಸುಳಿದವರಲ್ಲ ಎಂಬುದು ನಿಜ. ಆದರೂ ತಮ್ಮ ನೆಲದಲ್ಲಿ ತಮ್ಮ ಭಾಷೆ ಅಲ್ಪಸಂಖ್ಯಾತವಾಗುವುದು ಎಂದರೇನೆಂದು ಗಡಿನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಳನಾಡಿನಲ್ಲಿ ಕಣ್ಣುಮುಚ್ಚಿ ಕುಳಿತರೆ ಲಾಭ ಯಾರಿಗೆ ಎಂಬುದನ್ನೂ ಕೇಳಿಕೊಳ್ಳಬೇಕು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಮಮೂರ್ತಿನಗರದಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ವಿಡಿಯೊ ಹೊರಬಿದ್ದಾಗ, ಕೆಲಸದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಗಡಿ ದಾಟಿಸುವ ಜಾಲವೊಂದು ಬೆಳಕಿಗೆ ಬಂದಿತು. ಮರುವರ್ಷ ಬೆಂಗಳೂರಿನ ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗಡಿ ದಾಟಿಸಲು ದಲ್ಲಾಳಿ, ಬೆಂಗಳೂರಿನಲ್ಲಿ ಆಧಾರ್ ಮಾಡಿಸಿಕೊಡಲು ಇನ್ನೊಬ್ಬ, ಖಾಲಿ ನಿವೇಶನದಲ್ಲಿ ನೀಲಿ ಟಾರ್ಪಾಲಿನ ಶೆಡ್ಡಿಗೆ ತಿಂಗಳ ಬಾಡಿಗೆ ಎತ್ತಲು ಮತ್ತೊಬ್ಬ, ಹೀಗೆ ಕಾಗದವಿಲ್ಲದವನ ಬೆನ್ನ ಮೇಲೆ ಬದುಕುವವರ ಸಾಲು ದೊಡ್ಡದಿದೆ. ಕೂಲಿ ಕೊಡದ ಗುತ್ತಿಗೆದಾರನ ಮೇಲೆ ಅವನು ಠಾಣೆಗೆ ದೂರು ಕೊಡಲಾರ, ಏಕೆಂದರೆ ಅಲ್ಲಿ ಮೊದಲು ಕೇಳುವುದು ಅವನ ಕಾಗದವನ್ನೇ. ಅವನು ಇಷ್ಟು ಅಗ್ಗಕ್ಕೆ ಸಿಗುವುದರಿಂದ ರಾಯಚೂರು, ಯಾದಗಿರಿಗಳಿಂದ ಗುಳೆ ಬಂದವನ ಕೂಲಿಯೂ ಏರುವುದಿಲ್ಲ.

ಬೇರೆ ದೇಶದಲ್ಲಿ ಅಕ್ರಮವಾಗಿ ನೆಲೆಸಿದ ತಮ್ಮ ಪ್ರಜೆಗಳನ್ನು ಹಿಂದಕ್ಕೆ ಪಡೆಯುವುದು ಪ್ರತಿಯೊಂದು ದೇಶದ ಕರ್ತವ್ಯವೆಂದು, 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ 2025ರ ಫೆಬ್ರವರಿಯಲ್ಲಿ ಅಮೃತಸರಕ್ಕೆ ಬಂದಿಳಿದಾಗ ನಮ್ಮ ವಿದೇಶಾಂಗ ಸಚಿವರೇ ರಾಜ್ಯಸಭೆಯಲ್ಲಿ ಹೇಳಿದರು. ನಮಗೆ ಅನ್ವಯಿಸುವ ನಿಯಮ ಢಾಕಾಕ್ಕೂ ಅನ್ವಯಿಸಬೇಕಷ್ಟೆ. ಅದೇ ತಿಂಗಳಲ್ಲಿ, ವಿದೇಶಿಯರೆಂದು ಘೋಷಿತರಾದವರನ್ನು ಗಡೀಪಾರು ಮಾಡದೆ ಬಂಧನ ಕೇಂದ್ರದಲ್ಲಿಯೇ ಇರಿಸಿಕೊಂಡಿದ್ದ ಅಸ್ಸಾಂ ಸರ್ಕಾರವನ್ನು ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು ಕೇಳಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, ಬ್ರಿಟಿಷರ ಕಾಲದ ಚದುರಿದ ಕಾಯ್ದೆಗಳನ್ನು ಒಂದುಗೂಡಿಸಿ, ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಒಳಬರುವುದಕ್ಕೆ ಐದು ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿದೆ. ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಪೆಟ್ರಾಪೋಲ್ ತಪಾಸಣಾ ಠಾಣೆಯ ಸಾಲಿನಲ್ಲಿ ನಿಂತು, ವೈದ್ಯಕೀಯ ವೀಸಾಕ್ಕೆ ಮುದ್ರೆ ಹಾಕಿಸಿಕೊಂಡು ಚಿಕಿತ್ಸೆಗೆಂದು ಬರುವ ಬಾಂಗ್ಲಾದೇಶೀಯರಿಗೂ ಈ ದೇಶ ಒಂದು ಉತ್ತರ ಕೊಡಬೇಕು. ಕಾನೂನಿರುವುದು ಅದನ್ನು ಪಾಲಿಸಿದವರಿಗೆ ಮಾತ್ರವೇ?

ವಿರೋಧ

ನ್ಯಾಯಮೂರ್ತಿ ಓಕಾ ಅವರ ಮಾತನ್ನು ನೆನೆಯುವವರು ಅವರದೇ ಇನ್ನೊಂದು ಆದೇಶವನ್ನೂ ನೆನೆಯಬೇಕು. 2020ರ ಜನವರಿಯಲ್ಲಿ, ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ, ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶೀಯರಿದ್ದಾರೆಂಬ ಮಾತು ಹಬ್ಬಿ ನೂರಾರು ಜೋಪಡಿಗಳು ನೆಲಸಮವಾದವು. ಬೀದಿಗೆ ಬಿದ್ದವರು ತೋರಿಸಿದ ಆಧಾರ್ ಮತ್ತು ಮತದಾರರ ಚೀಟಿಗಳಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದ ವಿಳಾಸಗಳಿದ್ದವು, ನಮ್ಮದೇ ಉತ್ತರ ಕರ್ನಾಟಕದ ಊರುಗಳ ಹೆಸರುಗಳೂ ಇದ್ದವು. ಹೀಗೆ ತೆರವುಗೊಳಿಸುವ ಅಧಿಕಾರ ಪೊಲೀಸರಿಗಿಲ್ಲವೆಂದು ಹೇಳಿದ ಹೈಕೋರ್ಟ್ ನಿರಾಶ್ರಿತರಾದವರ ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಗುಳೆ ಬಂದ ಯಾದಗಿರಿಯವನ ಕೂಲಿಯ ಬಗ್ಗೆ ಮರುಗುವ ವಾದ, ಅವನ ಶೆಡ್ಡಿನ ಮೇಲೂ ಜೆಸಿಬಿ ಹರಿಯಿತೆಂಬುದನ್ನು ಮರೆಯುವಂತಿಲ್ಲ.

ಊರೊಳಗಿನ ಹುಡುಕಾಟದ ಮೂಲಭೂತ ದೋಷ ಇದು. ಗಡಿಯಲ್ಲಿ ಸಿಕ್ಕವನು ಗಡಿ ದಾಟುತ್ತಿರುವುದನ್ನು ಕಣ್ಣಾರೆ ಕಾಣಬಹುದು. ತೂಬರಹಳ್ಳಿಯ ಗುಜರಿ ಶೆಡ್ಡಿನಲ್ಲಿ ಕುಳಿತು, ಅಪಾರ್ಟ್‌ಮೆಂಟಿನ ಒಣಕಸದಿಂದ ಹಾಲಿನ ಕವರು, ನೀರಿನ ಬಾಟಲಿ, ರಟ್ಟುಗಳನ್ನು ಬೇರೆ ಬೇರೆ ಗೋಣಿಗೆ ತುಂಬುತ್ತಿರುವ ಹೆಂಗಸಿನಲ್ಲಿ ಪೊಲೀಸಿನವನಿಗೆ ಕಾಣುವುದೇನು? ಅವಳು ಆಡುವ ಬಂಗಾಳಿ, ಅವಳ ಹೆಸರು, ಅವಳ ಬಡತನ. ಬಂಗಾಳಿ ಎರಡು ದೇಶಗಳ ಭಾಷೆ. ಗಡಿಯ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು, 2,216 ಕಿ.ಮೀ., ಪಶ್ಚಿಮ ಬಂಗಾಳ ರಾಜ್ಯಕ್ಕೇ ಸೇರಿದೆ. ನದಿಯಾ ಜಿಲ್ಲೆಯ ಮಾತಿಗೂ ಆಚೆಯ ಕುಷ್ಟಿಯಾದ ಮಾತಿಗೂ ಇರುವ ಅಂತರವನ್ನು ಕಿವಿಯಿಂದಲೇ ಅಳೆದು ಪೌರತ್ವ ತೀರ್ಮಾನಿಸಬಲ್ಲ ಕಾನ್‌ಸ್ಟೆಬಲ್ ಬೆಂಗಳೂರಿನಲ್ಲಿಲ್ಲ, ಕೋಲ್ಕತ್ತದಲ್ಲಿಯೂ ಇರಲಾರ.

2025ರಲ್ಲಿ ಹಲವು ರಾಜ್ಯಗಳಲ್ಲಿ ಶೋಧ ಬಿಗಿಯಾದಾಗ ಆದದ್ದು ಇದೇ. ದೆಹಲಿಯಲ್ಲಿ ಚಿಂದಿ ಆಯುತ್ತಿದ್ದ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಕುಟುಂಬವೊಂದನ್ನು ಜೂನ್ ತಿಂಗಳಲ್ಲಿ ಹಿಡಿದು ಗಡಿಯಾಚೆಗೆ ದಬ್ಬಲಾಯಿತು. ಹೆಂಗಸು ಗರ್ಭಿಣಿ, ಜೊತೆಗೆ ಪುಟ್ಟ ಮಗ. ಅಲ್ಲಿ ಬಾಂಗ್ಲಾದೇಶದ ಪೊಲೀಸರು ಅವರನ್ನು ನುಸುಳುಕೋರರೆಂದು ಸೆರೆಯಲ್ಲಿಟ್ಟರು. ಗಡೀಪಾರಿನ ಆದೇಶವನ್ನು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟಿನವರೆಗೆ ಹೋಗಿ ತಾಯಿ ಮಗ ಹಿಂತಿರುಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಗಡೀಪಾರೆಂದರೆ ಎದುರಿನ ದೇಶ ರಾಷ್ಟ್ರೀಯತೆಯನ್ನು ಪರಿಶೀಲಿಸಿ, ಒಪ್ಪಿ, ಪ್ರಯಾಣದ ಪತ್ರ ಕೊಟ್ಟ ಮೇಲೆ ನಡೆಯುವ ಕೆಲಸ. ಆ ದಾರಿ ಬಿಟ್ಟು, ಆಚೆಯವರಿಗೆ ಹೇಳದೆ ಜನರನ್ನು ಗಡಿರೇಖೆಯಾಚೆ ನೂಕುವುದಕ್ಕೆ ಕಾಯ್ದೆಯ ಬೆಂಬಲವಿಲ್ಲವೆಂಬುದು ಈ ಕಡೆಯವರ ವಾದ. ಅಮೆರಿಕ ನಮ್ಮವರಿಗೆ ಬೇಡಿ ತೊಡಿಸಿ ಕಳಿಸಿದಾಗ ನಾವು ಸಿಟ್ಟಾದದ್ದು ಕಳಿಸಿದ್ದಕ್ಕಲ್ಲ, ಕಳಿಸಿದ ರೀತಿಗೆ.

ಎಚ್ಚರಿಕೆಯಿಂದ, ಕಾಗದಗಳನ್ನೆಲ್ಲ ನೋಡಿ ಮಾಡಿದರೆ ಆಗದೇ ಎಂದು ಕೇಳಬಹುದು. ಅಸ್ಸಾಂ ಅದನ್ನು ಮಾಡಿ ನೋಡಿದೆ. ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ, ಸಾವಿರಾರು ನೌಕರರನ್ನು ತೊಡಗಿಸಿ ಸಿದ್ಧಪಡಿಸಿದ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಹೊರಬಂದಾಗ 19,06,657 ಮಂದಿ ಹೊರಗುಳಿದಿದ್ದರು. 1971ಕ್ಕೆ ಮೊದಲಿನ ಮತದಾರರ ಪಟ್ಟಿಯಲ್ಲಿ ಅಜ್ಜನ ಹೆಸರು ಒಂದು ಬಗೆ, ಶಾಲೆಯ ಪತ್ರದಲ್ಲಿ ಅಪ್ಪನ ಹೆಸರು ಇನ್ನೊಂದು ಬಗೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳಿಗೆ ತವರಿನ ತಂದೆಯೊಂದಿಗೆ ತನ್ನ ನಂಟನ್ನು ತೋರಿಸಲು ಎಷ್ಟೋ ವೇಳೆ ಇದ್ದದ್ದು ಪಂಚಾಯತಿಯ ಚೀಟಿಯೊಂದೇ. ಅದೇ ವರ್ಷ, ದಶಕಗಳ ಕಾಲ ಭಾರತೀಯ ಸೇನೆಯಲ್ಲಿ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರನ್ನು ನ್ಯಾಯಮಂಡಳಿಯೊಂದು ವಿದೇಶಿಯೆಂದು ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಿತು. ಗುವಾಹಟಿ ಹೈಕೋರ್ಟ್ ಜಾಮೀನು ಕೊಡಬೇಕಾಯಿತು. ಪಟ್ಟಿ ಬೇಕೆಂದು ಹಟ ಹಿಡಿದಿದ್ದವರಿಗೇ ಪಟ್ಟಿ ಸಮಾಧಾನ ಕೊಡಲಿಲ್ಲ. ಅದಿನ್ನೂ ಅಧಿಸೂಚಿತವಾಗದೆ ಉಳಿದಿದೆ. ನಮ್ಮಲ್ಲಿ ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದೆ ತಾಲ್ಲೂಕು ಕಚೇರಿಗೆ ಅಲೆದಿರುವವರು ಈ ಸಂಕಟವನ್ನು ಬಲ್ಲರು, ಆದರೆ ಅಲ್ಲಿ ಪಣಕ್ಕಿರುವುದು ಬೆಳೆವಿಮೆಯಲ್ಲ, ಪೌರತ್ವ.

ಇಷ್ಟಾಗಿ, ಹುಡುಕುತ್ತಿರುವುದು ಎಷ್ಟು ಮಂದಿಯನ್ನು? 2004ರಲ್ಲಿ ಕೇಂದ್ರದ ಗೃಹ ಖಾತೆಯ ರಾಜ್ಯ ಸಚಿವರು ಸಂಸತ್ತಿನಲ್ಲಿ 1.2 ಕೋಟಿ ಎಂದು, ಆಮೇಲೆ ಆ ಅಂಕಿ ನಂಬುವಂಥದ್ದಲ್ಲವೆಂದರು. 2016ರಲ್ಲಿ ಬೇರೆ ಪಕ್ಷದ ಸರ್ಕಾರದಲ್ಲಿ ಅದೇ ಖಾತೆಯ ರಾಜ್ಯ ಸಚಿವರು 2 ಕೋಟಿ ಎಂದರು. ಇಂಥ ಅಂಕಿಗಳ ಎದುರು, ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ಕಟ್ಟಡವನ್ನೇ ಗೋಡೆ ಎತ್ತರಿಸಿ ವಿದೇಶಿಯರ ಬಂಧನ ಕೇಂದ್ರವನ್ನಾಗಿ ಮಾಡಿದ್ದನ್ನು ನೆನೆದರೆ, ಆರ್ಭಟಕ್ಕೂ ವ್ಯವಸ್ಥೆಗೂ ಇರುವ ಅಂತರ ತಿಳಿಯುತ್ತದೆ.

ಪರ ವಾದದಲ್ಲಿ ಒಪ್ಪಬೇಕಾದದ್ದಿದೆ. ದಲ್ಲಾಳಿಯನ್ನು, ನಕಲಿ ಆಧಾರ್ ಮಾಡುವವನನ್ನು, ಹೆಣ್ಣುಮಕ್ಕಳನ್ನು ಸಾಗಿಸುವವನನ್ನು ಬಿಡಬಾರದು. ಆದರೆ ಅವರ ಮೇಲೆ ಸಾಕ್ಷಿ ಹೇಳಬೇಕಾದವರು ಅದೇ ಶೆಡ್ಡುಗಳಲ್ಲಿರುವವರು. ಠಾಣೆಗೆ ಹೋದರೆ ತಮ್ಮನ್ನೇ ಹಿಡಿಯುತ್ತಾರೆಂಬ ಭಯ ಇರುವವರೆಗೆ ಅವರು ಬಾಯಿ ಬಿಡುವುದಿಲ್ಲ. ಸಂಶಯವಿದ್ದರೆ ಪೊಲೀಸರು ನೋಟಿಸು ಕೊಡಲಿ, ಸ್ವಂತ ಜಿಲ್ಲೆಯಿಂದ ವರದಿ ತರಿಸಲಿ, ಉಚಿತ ವಕೀಲರನ್ನು ಒದಗಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸಲಿ. ವಿದೇಶಿಯೆಂದು ಅಲ್ಲಿ ಸಾಬೀತಾಗಿ, ಢಾಕಾ ಒಪ್ಪಿಕೊಂಡ ವ್ಯಕ್ತಿಯನ್ನು ಕಳಿಸುವುದಕ್ಕೆ ಈ ಕಡೆಯವರ ಆಕ್ಷೇಪವಿಲ್ಲ. ಇದು ನಿಧಾನದ ದಾರಿ ಎಂಬುದು ನಿಜ. ತಾನು ವಿದೇಶಿಯಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು 1946ರ ಕಾಯ್ದೆ ಹೇಗೋ ಹಾಗೆಯೇ 2025ರ ಕಾಯ್ದೆಯೂ ಆರೋಪಕ್ಕೆ ಗುರಿಯಾದವನ ತಲೆಗೇ ಕಟ್ಟಿರುವಾಗ, ಅದನ್ನು ರುಜುವಾತುಪಡಿಸಿಕೊಳ್ಳಲು ಬೇಕಾದ ದಿನಗಳನ್ನಾದರೂ ಅವನಿಗೆ ಕೊಡಬೇಕಾಗುತ್ತದೆ.