ತುಳುವಿನಿಂದ ತಗೊಂಡದ್ದಾಯ್ತು, ಇನ್ನು ತುಳುವಿಗೂ ಕೊಡೋಣ

ತುಳು ಉಳಿಯಬೇಕು ಅನ್ನುವ ಮಾತು ಬಂದಾಗಲೆಲ್ಲ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯ ಭಾಷೆಗಳ ಪಟ್ಟಿಗೆ, ಸೇರಿಸುವ ವಿಷಯ ಬಂದೇ ಬರುತ್ತದೆ. ಸೇರಲೇಬೇಕು, ನನ್ನ ಆಸೆಯೂ ಅದೇ. 2011ರ ಜನಗಣತಿಯಲ್ಲಿ 18 ಲಕ್ಷಕ್ಕಿಂತ ಜಾಸ್ತಿ ಜನ ತುಳು ತಮ್ಮ ತಾಯ್ನುಡಿ ಅಂತ ಬರೆಸಿದ್ದಾರೆ. ಆದರೆ ಅದಾಗುವ ತನಕ ಕೈಕಟ್ಟಿ ಕೂರಬೇಕಾ? ತುಳುವಿಗೆ ಅನುವಾದ ಮಾಡಲು ಯಾರ ಅಪ್ಪಣೆಯೂ ಬೇಡ.

ತುಳುವಿನಿಂದ ಹೊರಗೆ ಹೋದದ್ದೇನೂ ಕಮ್ಮಿಯಿಲ್ಲ. ಪಾಡ್ದನ ಅಂದರೆ ತುಳುವರು ಬಾಯಲ್ಲೇ ಹಾಡಿಕೊಂಡು ಬಂದ ಕಥನಗೀತೆ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನ 15,683 ಸಾಲು! ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರು ಎಲ್ಲ ಸೇರಿ ಅದನ್ನು ಬರಹಕ್ಕಿಳಿಸಿದರು. 1998ರಲ್ಲಿ ಅಚ್ಚಾಯಿತು. ತುಳು ಸಾಲಿನ ಜೊತೆಗೇ ಅದರ ಇಂಗ್ಲಿಷ್. ಅರ್ಥ ಸಿಕ್ಕಿತಲ್ಲ ಅಂತ ಮೂಲವನ್ನು ಬದಿಗೆ ಸರಿಸಲಿಲ್ಲ, ಅದು ನನಗೆ ತುಂಬಾ ಇಷ್ಟ. ಪಾಡ್ದನವನ್ನು ಬರೀ ಕನ್ನಡದ ಕತೆಯಾಗಿ ಬರೆದರೆ ಕತೆಯೇನೋ ಉಳಿಯುತ್ತದೆ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಒಬ್ಬಳು ಎತ್ತಿಕೊಟ್ಟು ಉಳಿದವರು ದನಿಗೂಡಿಸುವ ಆ ಹಾಡು ಎಲ್ಲಿ ಉಳಿಯಿತು?

ತುಳುವಿನ ಒಳಗೆ ಬಂದದ್ದು ಎಷ್ಟು? ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1847ರಷ್ಟು ಹಿಂದೆಯೇ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಜನರಿಗೆ ಮುಟ್ಟಬೇಕಾದರೆ ಜನರ ಮಾತೇ ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಇವತ್ತು ಆಸ್ಪತ್ರೆಯ ಚೀಟಿ, ಬೆಳೆ ವಿಮೆಯ ಅರ್ಜಿ, ಮಕ್ಕಳ ಕತೆಪುಸ್ತಕ, ಇವೆಲ್ಲ ತುಳುವಿನಲ್ಲಿ ಎಷ್ಟು ಸಿಗುತ್ತವೆ ಹೇಳಿ. ಒಂದು ಆಸ್ಪತ್ರೆಯಲ್ಲಿ ನಾನೇ ನೋಡಿದ್ದು: ಡಾಕ್ಟರು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಅಜ್ಜಿ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನರ್ಸ್ ಗುಳಿಗೆ ತೋರಿಸಿ, "ವನಸ್ ಆಯಿಬೊಕ್ಕ, ಅಜ್ಜಿ" ಅಂದರು. ಊಟ ಆದಮೇಲೆ ಅಂತ. ಆಗಲೇ ಅಜ್ಜಿ ಬಾಯಿಬಿಟ್ಟು ನಾಲ್ಕು ಪ್ರಶ್ನೆ ಕೇಳಿದ್ದು. ಆ ನರ್ಸ್ ಮಾಡಿದ್ದೂ ಅನುವಾದವೇ ಅಲ್ವಾ?

2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿತು, ಖುಷಿಯಾಯಿತು. ಆದರೆ ಯಂತ್ರ ಕಲಿಯುವುದು ಮನುಷ್ಯರು ಬರೆದಿಟ್ಟದ್ದನ್ನು ನೋಡಿಯೇ. ಬರೆಯುವ ಕೆಲಸ ನಮ್ಮ ತಲೆಯ ಮೇಲೇ ಇದೆ. ಕನ್ನಡ ಲಿಪಿಯಲ್ಲೇ ಬರೆದರಾಯಿತು, ಅದು ರೂಢಿಯಲ್ಲೂ ಇದೆ.

ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಅಂತ ನಾವು ಗಟ್ಟಿಯಾಗಿ ಕೇಳುತ್ತೇವೆ. ಕೇಳಲೇಬೇಕು. ಅದೇ ನ್ಯಾಯ ತುಳುವರಿಗೆ, ಕೊಡವರಿಗೆ, ಕರಾವಳಿಯ ಬುಡಕಟ್ಟಿನವರಾದ ಕೊರಗರಿಗೆ ಯಾಕಿಲ್ಲ? ಅದರಲ್ಲೂ ಕೊರಗ ಭಾಷೆಯ ಕೆಲಸ ತುಂಬಾ ಅವಸರದ್ದು. ಆ ಕೆಲಸ ಯಾರೇ ಹಿಡಿಯಲಿ, ಕೊರಗರನ್ನೇ ಮುಂದೆ ಕೂರಿಸಲಿ. ಸುಮ್ನೆ ಶಾಲು ಹೊದಿಸಿ ಕಳಿಸುವುದು ಬೇಡ, ದುಡಿಮೆಗೆ ತಕ್ಕ ಸಂಬಳ ಕೊಡಲಿ.