ಅರೆಬರೆ ಪೈಲಟ್ ಅಂದವರಿಗೆ

ಭಾನುವಾರ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಅಕ್ಕನ ಮನೇಲಿ ಸತ್ಯನಾರಾಯಣ ಪೂಜೆ ಇತ್ತು. ಸಪಾದಭಕ್ಷ್ಯ ಬಹಳ ಚೆನ್ನಾಗಿತ್ತು. ಆಮೇಲೆ ಬೇಸ್‌ಮೆಂಟಿನಲ್ಲಿ ನಡೆದ ಮಾತುಕತೆ ಚೆನ್ನಾಗಿರಲಿಲ್ಲ, ಅದಕ್ಕೇ ಈ ಬರಹ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಅಕ್ಕನ ಮಗ ನಿಮಗೆಲ್ಲ ಗೊತ್ತು. ಇಂಜಿನಿಯರಿಂಗ್ ಮುಗೀತು, ವಿಮಾನ ಹಾರಿಸೋ ಹುಚ್ಚು ಮುಗೀಲಿಲ್ಲ. ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ, ಆದ್ದರಿಂದ ಸೇನೆ ಸೇರೋಕೆ ಕಾಗದಪತ್ರದ ತಕರಾರಿಲ್ಲ. ಅವನೆದುರು ಮೂರು ದಾರಿ. ಪೂರ್ಣಾವಧಿ ಏರ್‌ಫೋರ್ಸ್. ಇಲ್ಲವೇ ಸಾಲ ಮಾಡಿ ಫ್ಲೈಯಿಂಗ್ ಸ್ಕೂಲು, ಅಲ್ಲಿಂದ ಏರ್‌ಲೈನು. ಮೂರನೆಯದು ಏರ್ ನ್ಯಾಷನಲ್ ಗಾರ್ಡ್ (ರಾಜ್ಯಗಳ ಮೀಸಲು ವಾಯುಪಡೆ) ಅಥವಾ ಏರ್‌ಫೋರ್ಸ್ ರಿಸರ್ವ್ (ಏರ್‌ಫೋರ್ಸ್‌ನದೇ ಮೀಸಲು ಪಡೆ): ತಿಂಗಳಲ್ಲಿ ಕೆಲವು ದಿನ ಸೇನೆಯ ವಿಮಾನ, ಉಳಿದ ದಿನ ಹೊಟ್ಟೆಪಾಡಿನ ವಿಮಾನ. ಅವನ ಮನಸ್ಸಿರೋದು ಈ ಮೂರನೆಯದರಲ್ಲಿ. ಊರ ಪಕ್ಕದಲ್ಲೇ ರಿಕೆನ್‌ಬ್ಯಾಕರ್ ಬೇಸ್ ಇದೆ. ಅಲ್ಲಿ ಒಹಾಯೊ ಗಾರ್ಡ್‌ನ 121ನೇ ವಿಂಗ್, ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸೋ ಕೆಸಿ-135 ಟ್ಯಾಂಕರ್‌ಗಳು.

ಹಿರಿಯರೊಬ್ಬರಿಗೆ ಇದು ಕಿವಿಗೆ ಬಿತ್ತು. ಐಟಿಯಲ್ಲಿ ದುಡಿದು ರಿಟೈರ್ ಆದವರು, ವಿಮಾನದ ಬಗ್ಗೆ ಅವರಿಗಿರೋ ಅನುಭವ ಕಿಟಕಿ ಸೀಟಿನದು. "ನೋಡಪ್ಪಾ, ಎರಡು ದೋಣಿ ಮೇಲೆ ಕಾಲಿಡಬಾರದು. ದೇಶಸೇವೆ ಮಾಡೋದಾದ್ರೆ ಪೂರ್ತಿ ಮಾಡು, ದುಡ್ಡು ಮಾಡೋದಾದ್ರೆ ನೇರ ಏರ್‌ಲೈನಿಗೆ ಹೋಗು. ಈ ಅರೆಬರೆ ಯಾಕೆ?" ಅಂದ್ರು. ಸುತ್ತ ಇದ್ದ ನಾಲ್ಕು ತಲೆ ಆಡಿದವು. ಒಬ್ಬರಂತೂ ಫೋನ್ ತೆಗೆದು ಏರ್‌ಲೈನ್ ಕ್ಯಾಪ್ಟನ್‌ಗಳ ಸಂಬಳದ ಪಟ್ಟಿಯನ್ನೇ ತೋರಿಸಿದ್ರು. ಹುಡುಗ "ಹೌದು ಅಂಕಲ್" ಅಂತ ಮೊಸರನ್ನ ಕಲಸ್ತಾ ಕೂತ. ನನ್ನನ್ನು ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ಫೇಸ್‌ಬುಕ್‌ಗೆ ಅವಳು ಬರೋದಿಲ್ಲ.

ಅರೆಬರೆ ಅಂತೆ!

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಕ್ರೂ ಶೆಡ್ಯೂಲಿಂಗ್‌ನಲ್ಲಿ ಕೂತು ಪೈಲಟ್‌ಗಳಿಗೆ ಡ್ಯೂಟಿ ಹಾಕ್ತಾ ಹಾಕ್ತಾ ಕೂದಲು ಉದುರಿಸಿಕೊಂಡವನು. ಕಂಪನಿ ಹೆಸರು ಬೇಡ, ಅನ್ನ ಹಾಕೋ ಮನೆ. ಆ ಕುರ್ಚಿಯಿಂದ ನೋಡಿದ್ದನ್ನ ಹೇಳ್ತೀನಿ: ಏರ್‌ಲೈನ್ ಪೈಲಟ್ ಅಂದರೆ ಒಂದು ನಂಬರು. ಸೀನಿಯಾರಿಟಿ ನಂಬರು. ಕೆಲಸಕ್ಕೆ ಸೇರಿದ ದಿನ ಸಿಗುತ್ತೆ, ನಿಮ್ಮ ಮುಂದಿರೋರು ರಿಟೈರ್ ಆಗ್ತಾ ಹೋದಂತೆ ಮೇಲೇರುತ್ತೆ. ಯಾವ ಊರಿನ ಬೇಸ್ (ಡ್ಯೂಟಿ ಶುರುವಾಗೋ ಏರ್‌ಪೋರ್ಟ್), ಯಾವ ವಿಮಾನ, ದೀಪಾವಳಿಗೆ ರಜೆ ಸಿಗುತ್ತೋ ಇಲ್ಲವೋ, ಕ್ಯಾಪ್ಟನ್ ಯಾವಾಗ ಆಗ್ತೀರಿ, ಎಲ್ಲಾ ಆ ನಂಬರೇ ಹೇಳೋದು. ನೀವೆಷ್ಟೇ ಚೆನ್ನಾಗಿ ಹಾರಿಸಿ, ನಿಮಗಿಂತ ಒಂದು ವಾರ ಮೊದಲು ಸೇರಿದವನು ನಿಮಗಿಂತ ಮೊದಲು ಆರಿಸ್ಕೋತಾನೆ. ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದಿರೋ, ಮತ್ತೆ ಪಟ್ಟಿಯ ತಳದಿಂದ ಶುರು. ಮಾರುಕಟ್ಟೆ ಬಿದ್ದಾಗ ಮನೆಗೆ ಕಳಿಸೋದು ಕೂಡ ತಳದಿಂದಲೇ. ಅದಕ್ಕೆ ಫರ್ಲೋ ಅಂತ ಹೆಸರು. 2001ರ ಸೆಪ್ಟೆಂಬರ್ ಆದಮೇಲೆ ಸಾವಿರಾರು ಜನ ಹಾಗೆ ಹೋದರು. 2020ರ ಅಕ್ಟೋಬರ್‌ನಲ್ಲೂ ಹೋದರು. ಫೋನಿನಲ್ಲಿದ್ದ ಸಂಬಳದ ಪಟ್ಟಿಯಲ್ಲಿ ಈ ಸಾಲು ಇರಲಿಲ್ಲ ನೋಡಿ.

ನಿವೃತ್ತಿ ವಯಸ್ಸು 65, ಅದು ಕಾನೂನು. ಹಾಗಾಗಿ ಎಷ್ಟು ಬೇಗ ನಂಬರ್ ಸಿಗುತ್ತೋ ಅಷ್ಟು ಒಳ್ಳೆಯದು, ಇದರಲ್ಲಿ ನಾನೂ ಅಂಕಲ್ಲೂ ಒಂದೇ ಪಕ್ಷ. ಆದರೆ ಬೇಗ ಸಿಗೋದು ಹೇಗೆ?

ಪೂರ್ಣಾವಧಿ ಏರ್‌ಫೋರ್ಸ್‌ಗೆ ಹೋದರೆ ಪೈಲಟ್ ತರಬೇತಿಗೇ ಸುಮಾರು ಒಂದು ವರ್ಷ, ವಿಂಗ್ಸ್ ಅನ್ನೋ ಪೈಲಟ್ ಬ್ಯಾಡ್ಜ್ ಸಿಕ್ಕ ದಿನದಿಂದ ಲೆಕ್ಕ ಹಾಕಿ ಹತ್ತು ವರ್ಷ ಕಡ್ಡಾಯ ಸೇವೆ. ಹೊರಗೆ ಬರೋಷ್ಟರಲ್ಲಿ ಹುಡುಗನಿಗೆ ಮೂವತ್ತೈದರ ಹತ್ತಿರ. ನಡುವೆ ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ ಊರು ಬದಲು. ಯಾವ ವಿಮಾನ ಸಿಗುತ್ತೆ, ಯಾವ ಊರಿಗೆ ಹಾಕ್ತಾರೆ ಅನ್ನೋದು ತರಬೇತಿಯ ಕೊನೆಗೆ ಗೊತ್ತಾಗೋ ವಿಷಯ. ಮೇಲಿನ ದರ್ಜೆಗೆ ಹೋದಷ್ಟೂ ಹಾರಾಟ ಕಡಿಮೆ, ಪವರ್‌ಪಾಯಿಂಟ್ ಜಾಸ್ತಿ. ಉಳಿದುಕೊಳ್ಳಿ ಅಂತ ವರ್ಷಕ್ಕೆ 50,000 ಡಾಲರ್‌ವರೆಗೆ ಬೋನಸ್ ಕೊಡೋ ಸ್ಥಿತಿಗೆ ಏರ್‌ಫೋರ್ಸ್ ಬಂದಿದೆ ಅಂದಮೇಲೆ ಎಷ್ಟು ಜನ ಬಿಟ್ಟು ಹೋಗ್ತಿದ್ದಾರೆ ನೀವೇ ಊಹಿಸಿ. ಇಪ್ಪತ್ತು ವರ್ಷ ಮುಗಿಸಿದರೆ ಮರುದಿನದಿಂದಲೇ ಪಿಂಚಣಿ, ಅದು ದೊಡ್ಡದೇ, ಅಲ್ಲಗಳೆಯೋಲ್ಲ.

ನೇರ ಏರ್‌ಲೈನ್ ದಾರಿ? ಲಕ್ಷ ಡಾಲರ್ ಆಸುಪಾಸು ಸಾಲ. ಲೈಸೆನ್ಸ್ ಕೈಗೆ ಬಂದರೂ ಏರ್‌ಲೈನ್ ತಗೊಳ್ಳೋಲ್ಲ, ಯಾಕಂದ್ರೆ 1500 ಗಂಟೆ ಹಾರಿರಬೇಕು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತಮೇಲೆ ಇಲ್ಲಿಯ ಸಂಸತ್ತು, ಅಂದರೆ ಅಮೆರಿಕದ ಕಾಂಗ್ರೆಸ್, ತಂದ ಕಾನೂನು ಅದು. ಆ ಗಂಟೆ ತುಂಬಿಸೋಕೆ ಸಣ್ಣ ಸೆಸ್ನಾ ವಿಮಾನದಲ್ಲಿ ಕೂತು ಬೇರೆ ಮಕ್ಕಳಿಗೆ ಪಾಠ ಹೇಳ್ಕೊಂಡು ವರ್ಷಗಟ್ಟಲೆ ಸುತ್ತಬೇಕು. ಸೇನೆಯಲ್ಲಿ ತರಬೇತಾದ ಪೈಲಟ್‌ಗೆ ಅದೇ 750 ಗಂಟೆಗೆ ಏರ್‌ಲೈನ್ ಬಾಗಿಲು ತೆಗೆಯುತ್ತೆ.

ಈಗ ಆ "ಅರೆಬರೆ" ದಾರಿ ನೋಡಿ. ಅದೇ ಆಫೀಸರ್ ತರಬೇತಿ, ಅದೇ ಪೈಲಟ್ ಶಾಲೆ, ಪೂರ್ಣಾವಧಿ ಹುಡುಗರ ಪಕ್ಕದ ಕುರ್ಚಿ, ಅದೇ ಪರೀಕ್ಷೆ. ಗಾರ್ಡ್‌ನವನು ಅಂತ ಅಲ್ಲಿ ಯಾರೂ ಐದು ಗ್ರೇಸ್ ಮಾರ್ಕ್ಸ್ ಕೊಡೋಲ್ಲ. ತರಬೇತಿ ಮುಗಿಯೋವರೆಗೂ ಪೂರ್ತಿ ಸಂಬಳ. ಹತ್ತು ವರ್ಷದ ಕಡ್ಡಾಯ ಸೇವೆ ಇವನಿಗೂ ಇದೆ, ಆದರೆ ಅದನ್ನ ಕೊಲಂಬಸ್‌ನಲ್ಲೇ ಇದ್ದು, ಬೇರೆ ಕೆಲಸ ಮಾಡ್ತಾ ತೀರಿಸಬಹುದು. ಗಂಟೆಗಳು ತುಂಬಿದರೆ ಮೂವತ್ತರ ಒಳಗೇ ಏರ್‌ಲೈನ್ ಪಟ್ಟಿಯಲ್ಲಿ ಹೆಸರು. ಇನ್ನೊಂದು: 1994ರ ಯುಸೆರಾ ಅನ್ನೋ ಕಾನೂನು ಪ್ರಕಾರ ಸೇನೆ ಕರೆದಾಗ ಏರ್‌ಲೈನ್ ಬಿಡಲೇಬೇಕು, ವಾಪಸ್ ಬಂದಾಗ ಅಲ್ಲೇ ಇದ್ದಿದ್ದರೆ ಎಲ್ಲಿರುತ್ತಿದ್ದನೋ ಆ ಜಾಗಕ್ಕೆ ಕೂರಿಸಬೇಕು. ಅವನು ಮರುಭೂಮಿಯಲ್ಲಿ ಇಂಧನ ತುಂಬಿಸ್ತಿರ್ತಾನೆ, ಇಲ್ಲಿ ಅವನ ನಂಬರು ತನ್ನ ಪಾಡಿಗೆ ಮೇಲೇರ್ತಾ ಇರುತ್ತೆ. ಏರ್‌ಲೈನ್ ಫರ್ಲೋ ಮಾಡಿದ್ರೆ? ಗಾರ್ಡ್‌ನಲ್ಲಿ ಪೂರ್ಣಾವಧಿ ಡ್ಯೂಟಿ ಕೇಳಿಕೊಂಡು ಹೋದ ಎಷ್ಟೋ ಜನರನ್ನ 2020ರಲ್ಲಿ ಕಣ್ಣಾರೆ ಕಂಡಿದ್ದೀನಿ. ಒಂದೇ ದೋಣಿಯವರು ಆವತ್ತು ಮನೇಲಿ ಕೂತಿದ್ದರು.

ಇಷ್ಟು ಹೇಳಿದ್ದು ದುಡ್ಡಿನ ಲೆಕ್ಕದವರಿಗೆ. ನನಗೆ ಹೆಚ್ಚು ಉರಿದದ್ದು "ದೇಶಸೇವೆ ಪೂರ್ತಿ ಮಾಡು" ಅನ್ನೋ ಮಾತು. ನಮ್ಮ ಕಡೆ ಇದು ಅರ್ಥ ಆಗದಿರೋದು ಸಹಜ. ಭಾರತದಲ್ಲಿ ಟೆರಿಟೋರಿಯಲ್ ಆರ್ಮಿ ಅನ್ನೋ ಅರೆಕಾಲಿಕ ಸೇನೆ ಅಂದರೆ ಜನಕ್ಕೆ ಮೊದಲು ನೆನಪಾಗೋದು 2011ರಲ್ಲಿ ಧೋನಿಗೆ ಕೊಟ್ಟ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ. ಇಲ್ಲಿಯ ಗಾರ್ಡ್ ಕೂಡ ಸಮವಸ್ತ್ರ ಹಾಕಿ ಫೋಟೋ ತೆಗೆಸಿಕೊಳ್ಳೋ ವ್ಯವಹಾರ ಅಂದುಕೊಂಡಿದ್ದಾರೆ.

ಅಲ್ಲ ಮಾರಾಯ್ರೆ, ಚಂಡಮಾರುತ ಬಂದಾಗ ಟಿವಿ ಮುಂದೆ ಕೂತು ಅದು ಎತ್ತ ತಿರುಗುತ್ತೆ ಅಂತ ನೋಡ್ತೀರಲ್ಲ, ಆ ಮಾಹಿತಿಗೋಸ್ಕರ ಅದರ ಕಣ್ಣಿನೊಳಗೆ ಸೇನೆಯ ಡಬ್ಲ್ಯುಸಿ-130 ವಿಮಾನ ನುಗ್ಗಿಸೋರು ಯಾರು? ಮಿಸಿಸಿಪ್ಪಿಯ ಕೀಸ್ಲರ್ ಬೇಸಿನ 53ನೇ ಸ್ಕ್ವಾಡ್ರನ್, ರಿಸರ್ವ್‌ನವರು. ಅಂಟಾರ್ಕ್ಟಿಕಾದ ಹಿಮದ ಮೇಲೆ ಹಿಮಜಾರು ಪಟ್ಟಿ ಕಟ್ಟಿದ ಎಲ್‌ಸಿ-130 ಇಳಿಸೋರು ನ್ಯೂಯಾರ್ಕ್ ಗಾರ್ಡ್‌ನ 109ನೇ ವಿಂಗ್. ಇಡೀ ಅಮೆರಿಕದ ಸೇನೆಯಲ್ಲಿ ಆ ವಿಮಾನ ಇರೋದು ಅವರ ಹತ್ತಿರ ಮಾತ್ರ. ಇದೇ ಒಹಾಯೊದ ಯಂಗ್ಸ್‌ಟೌನ್‌ನಲ್ಲಿ ರಿಸರ್ವ್‌ನ 910ನೇ ವಿಂಗ್ ಇದೆ, 2017ರಲ್ಲಿ ಹಾರ್ವಿ ಚಂಡಮಾರುತದ ನೀರು ನಿಂತು ಟೆಕ್ಸಾಸ್‌ನಲ್ಲಿ ಸೊಳ್ಳೆ ಕಾಟ ಎದ್ದಾಗ ಸಿ-130ರಿಂದ ಔಷಧಿ ಸಿಂಪಡಿಸಿದವರು ಅವರು. (ಸೊಳ್ಳೆ ಅಂದಾಗ ನಗಬೇಡಿ, ತೀರ್ಥಹಳ್ಳಿಯವನಾದ ನನಗೆ ಅದು ಪರಮ ದೇಶಸೇವೆ.) 2001ರ ಸೆಪ್ಟೆಂಬರ್ 11ರಂದು ವಾಷಿಂಗ್ಟನ್ ಮೇಲೆ ಬರುತ್ತಿದ್ದ ವಿಮಾನ ತಡೆಯೋಕೆ ಕ್ಷಿಪಣಿ ಹಾಕೋಷ್ಟು ಹೊತ್ತಿಲ್ಲದೆ, ಬೇಕಾದರೆ ಡಿಕ್ಕಿ ಹೊಡೆದೇ ಬೀಳಿಸೋಣ ಅಂತ ಎಫ್-16 ಹತ್ತಿದ ಮಾರ್ಕ್ ಸ್ಯಾಸ್ವಿಲ್ ಮತ್ತು ಹೆದರ್ ಪೆನ್ನಿ ಇಬ್ಬರೂ ವಾಷಿಂಗ್ಟನ್ ಡಿ.ಸಿ. ಗಾರ್ಡ್‌ನವರು. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಹೊಟ್ಟೆಪಾಡಿಗೆ ಅಂಚೆ ವಿಮಾನ ಹಾರಿಸ್ತಾ ಮಿಸೌರಿ ನ್ಯಾಷನಲ್ ಗಾರ್ಡ್‌ನಲ್ಲೂ ಇದ್ದವನು. ಅವನಿಗೂ ಒಂದು ಬೇಸ್‌ಮೆಂಟಿನಲ್ಲಿ ಕೂರಿಸಿ ದೋಣಿಯ ಕಥೆ ಹೇಳಬೇಕಿತ್ತು.

2018ರ ಮೇನಲ್ಲಿ ಪೋರ್ಟೊ ರಿಕೊ ಗಾರ್ಡ್‌ನ ಹಳೇ ಡಬ್ಲ್ಯುಸಿ-130 ಅರಿಜೋನಾಕ್ಕೆ ತನ್ನ ಕೊನೆಯ ಹಾರಾಟ ಹೊರಟಿತ್ತು, ಸೇವೆಯಿಂದ ನಿವೃತ್ತಿಗೆ. ಜಾರ್ಜಿಯಾದ ಸವಾನಾದಲ್ಲಿ ಮೇಲೇರಿದ ಸ್ವಲ್ಪ ಹೊತ್ತಿಗೆ ಹೆದ್ದಾರಿ ಮೇಲೆ ಬಿತ್ತು. ಒಂಬತ್ತು ಜನ. ಅವರ ಮನೆಯವರಿಗೆ ಹೋಗಿ ಅರೆಬರೆ ಅನ್ನಿ ನೋಡೋಣ.

ಇನ್ನೊಂದು ಕಡೆಯ ಮಾತೂ ಇದೆ, ಗೊತ್ತು. ಇಬ್ಬರು ಯಜಮಾನರು, ಮನೆಗೆ ಉಳಿಯೋದು ಎರಡರ ಮಿಕ್ಕಿದ್ದು. "ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆರಡು ವಾರ" ಅನ್ನೋದು ಪೋಸ್ಟರ್ ಮೇಲಿನ ಮಾತು, ಪೈಲಟ್‌ಗಳಿಗೆ ಅದು ಸಾಲೋಲ್ಲ. ಕೈ ಪಳಗಿರಬೇಕು ಅಂದರೆ ನಡುವೆ ಹೋಗಿ ಹಾರಲೇಬೇಕು. ರಾಜ್ಯಪಾಲರೂ ಕರೀಬಹುದು, ಅಧ್ಯಕ್ಷರೂ ಕರೀಬಹುದು. ಟ್ಯಾಂಕರ್ ಇಲ್ಲದೆ ಯಾವ ಯುದ್ಧವೂ ನಡೆಯೋಲ್ಲ, ಹಾಗಾಗಿ ಕರೆಯೇ ಕರೀತಾರೆ. ಗಾರ್ಡ್ ಪಿಂಚಣಿ ಕೂಡ ಇಪ್ಪತ್ತು ವರ್ಷ ದುಡಿದರೂ ಸಾಮಾನ್ಯವಾಗಿ 60 ತುಂಬೋವರೆಗೆ ಕೈಗೆ ಬರೋಲ್ಲ. ಎಲ್ಲಾ ನಿಜ. ಆದರೆ ಏರ್‌ಲೈನ್ ಪೈಲಟ್ ಏನು ದಿನಾ ಸಂಜೆ ಐದಕ್ಕೆ ಮನೆಗೆ ಬಂದು ಚಕ್ಕುಲಿ ತಿಂತಾನಾ? ಹೊಸಬರು ಬೇಸ್ ಇರೋ ಊರಿಗೆ ಹಿಂದಿನ ದಿನವೇ ಹಾರಿ ಹೋಗಿ, ಏರ್‌ಪೋರ್ಟ್ ಪಕ್ಕದ ಕ್ರ್ಯಾಶ್ ಪ್ಯಾಡ್ ಅನ್ನೋ ಹಾಸ್ಟೆಲಿನಲ್ಲಿ ಮಲಗ್ತಾರೆ. ಒಂದು ಕೋಣೆಗೆ ಮೂರು ನಾಲ್ಕು ಬಂಕು, ಪ್ರತಿ ಬಂಕಿಗೂ ಒಂದು ಪರದೆ, ಫ್ರಿಜ್ಜಿನಲ್ಲಿ ಹಾಲಿನ ಡಬ್ಬಿ ಮೇಲೂ ಮಾರ್ಕರ್‌ನಲ್ಲಿ ಬರೆದ ಹೆಸರು. ಬೆಳಗಿನ ಜಾವ ಮೂರಕ್ಕೆ ನಾನು ಫೋನ್ ಮಾಡಿದಾಗ ಪರದೆಯೊಳಗಿಂದ ಪಿಸುಗುಟ್ಟಿ ಮಾತಾಡ್ತಾರೆ, ಪಕ್ಕದವನು ಎದ್ದುಬಿಟ್ಟಾನು ಅಂತ. ಆ ಬದುಕನ್ನ ಯಾರೂ ಅರೆಬರೆ ಅನ್ನೋಲ್ಲ.

ಸೇನೆ ಕರೆದಿದೆ, ರಜೆ ಬೇಕು ಅಂತ ಪೈಲಟ್‌ನ ಮಿಲಿಟರಿ ಲೀವ್ ನೋಟಿಸ್ ಬಂದಾಗ ನಾನು ಬೈದುಕೊಳ್ತೀನಿ, ಅದೂ ನಿಜ. ಹೊರಗೆ ಹಿಮಗಾಳಿ, ಇರೋ ಪೈಲಟ್‌ಗಳೆಲ್ಲ ಡ್ಯೂಟಿ ಗಂಟೆ ಮೀರಿದವರು, ಆಗ ಒಬ್ಬನ ನಾಲ್ಕು ದಿನದ ಟ್ರಿಪ್ ಪರದೆ ಮೇಲಿಂದ ಮಾಯ. ಸ್ಕ್ರೀನ್ ನೋಡ್ತಾ ಅಚ್ಚ ಮಲೆನಾಡಿನ ಬೈಗುಳ ಬಾಯಿಗೆ ಬರುತ್ತೆ. ನಾಳೆ ನನ್ನ ಸೋದರಳಿಯನ ನೋಟಿಸ್ ಬಂದರೂ ಬೈತೀನಿ. ಬೈದು ಬೇರೆಯವರನ್ನ ಹುಡುಕ್ತೀನಿ, ನನಗೆ ಸಂಬಳ ಕೊಡೋದು ಅದಕ್ಕೇ.

ಹೋದ ತಿಂಗಳು ಡ್ರಿಲ್ ವೀಕೆಂಡಿನಲ್ಲಿ (ಗಾರ್ಡ್‌ನವರು ತಿಂಗಳಿಗೊಮ್ಮೆ ಡ್ಯೂಟಿಗೆ ಸೇರೋ ವೀಕೆಂಡ್) ಅವನು ರಿಕೆನ್‌ಬ್ಯಾಕರ್ ಬೇಸಿಗೆ ಹೋಗಿದ್ದ, ಗಾರ್ಡ್‌ನಲ್ಲಿ ಅರ್ಜಿ ಹಾಕೋಕೆ ಮುಂಚೆ ಮುಖ ತೋರಿಸಿ ಬರೋ ಪದ್ಧತಿ ಇದೆ. ಅಲ್ಲಿ ಪೈಲಟ್‌ಗಳನ್ನ ಆರಿಸೋದು ಸ್ಕ್ವಾಡ್ರನ್ನೇ. ಪೂರ್ಣಾವಧಿಯವರು ವರ್ಗವಾಗಿ ಹೋಗ್ತಾರೆ, ಇವರು ಹೋಗೋಲ್ಲ, ಹಾಗಾಗಿ ಈ ಹುಡುಗನ ಪಕ್ಕ ಇಪ್ಪತ್ತು ವರ್ಷ ಕಾಕ್‌ಪಿಟ್‌ನಲ್ಲಿ ಕೂರಬಹುದಾ ಅಂತ ಅಳೀತಾರೆ. ಕೆಸಿ-135 ಒಳಗೆ ಕರ್ಕೊಂಡು ಹೋಗಿ ತೋರಿಸಿದರಂತೆ. ಬೋಯಿಂಗ್ ಆ ವಿಮಾನ ಕಟ್ಟೋದನ್ನ 1965ಕ್ಕೇ ನಿಲ್ಲಿಸಿತು, ನಮ್ಮ ಭಾವನಿಗಿಂತ ವಯಸ್ಸಿನಲ್ಲಿ ಹಿರಿದು. ಹಿಂಭಾಗದಲ್ಲಿ ಬೂಮ್ ಆಪರೇಟರ್ ಹೊಟ್ಟೆ ಅಡಿಯಾಗಿ ಮಲಗಿ, ಕೆಳಗಿನ ಕಿಟಕಿಯಲ್ಲಿ ನೋಡ್ತಾ, ಹಿಂದೆ ಹಾರಿ ಬರೋ ವಿಮಾನಕ್ಕೆ ಇಂಧನದ ಕೊಳವೆ ಸೇರಿಸ್ತಾನೆ. ಇವನನ್ನೂ ಅಲ್ಲಿ ಮಲಗಿಸಿದರಂತೆ. "ಮಾವ, ಗದ್ದ ಇಡೋಕೆ ಒಂದು ಮೆತ್ತೆ ಇದೆ, ಎಷ್ಟು ಜನ ಗದ್ದ ಇಟ್ಟು ಇಟ್ಟು ತಗ್ಗು ಬಿದ್ದಿದೆ ಗೊತ್ತಾ" ಅಂದ. ಸಂಬಳದ ಬಗ್ಗೆ ಕೇಳಿದೆ, ವಿಚಾರಿಸೋದು ಮರೆತೆ ಅಂದ. ನನಗೆ ಒಳಗೊಳಗೇ ಭಯ ಇದೆ, ಅಕ್ಕನ ಒಬ್ಬನೇ ಮಗ. ಅದನ್ನ ಅವನಿಗೆ ಹೇಳಿಲ್ಲ, ಇಲ್ಲಿ ನಿಮಗೆ ಹೇಳ್ತಿದ್ದೀನಿ. ಅವನು ಫೇಸ್‌ಬುಕ್ ಮುದುಕರ ಜಾಗ ಅಂತ ಬಿಟ್ಟು ಬಹಳ ಕಾಲ ಆಯ್ತು.

ಇಷ್ಟೆಲ್ಲ ಆಗಿ ಅವನಿಗೆ ಸಿಗದೇ ಹೋಗಬಹುದು. ಒಂದೋ ಎರಡೋ ಜಾಗಕ್ಕೆ ಕಂತೆಗಟ್ಟಲೆ ಅರ್ಜಿ ಬರುತ್ತೆ. ಇಲ್ಲಿ ಆಗದಿದ್ದರೆ ಬೇರೆ ರಾಜ್ಯದ ಗಾರ್ಡ್‌ಗೆ ಹಾಕ್ತಾನಂತೆ. ಪ್ರೈವೇಟ್ ಪೈಲಟ್ ಲೈಸೆನ್ಸಿನ ಖರ್ಚು ಭಾವ ಕೊಡ್ತಾರೆ, ಅರ್ಜಿಗೆ ಅದು ಬಲ. ಸದ್ಯಕ್ಕೆ ಏರ್‌ಫೋರ್ಸ್‌ನ ಆಫೀಸರ್ ಪರೀಕ್ಷೆಗೆ ಓದ್ತಿದ್ದಾನೆ. ಅದರಲ್ಲಿ ಬ್ಲಾಕ್ ಕೌಂಟಿಂಗ್ ಅಂತ ಒಂದು ಭಾಗ ಇದೆ, ಚಿತ್ರದಲ್ಲಿ ಒಂದರ ಮೇಲೊಂದು ಪೇರಿಸಿದ ಇಟ್ಟಿಗೆಗಳಲ್ಲಿ ಯಾವುದು ಎಷ್ಟನ್ನ ಮುಟ್ಟುತ್ತೆ ಅಂತ ಸೆಕೆಂಡುಗಳಲ್ಲಿ ಹೇಳಬೇಕು. ಗಣಿತ ಸಲೀಸು, ಇದೊಂದರಲ್ಲಿ ಹಿಂದೆ ಬಿದ್ದಿದ್ದಾನೆ. ಇದೆಲ್ಲ ಓದಿದ ಮೇಲೂ ಸಲಹೆ ಕೊಡಲೇಬೇಕು ಅನ್ನಿಸಿದರೆ ಕೊಲಂಬಸ್ ಕಡೆಯವರು ಯಾರಾದರೂ ಶನಿವಾರ ಬಂದು ಅವನಿಗೆ ಬ್ಲಾಕ್ ಕೌಂಟಿಂಗ್ ಹೇಳಿಕೊಡಿ. ಅಕ್ಕ ಊಟ ಹಾಕ್ತಾಳೆ.